ವಾಡಿ ಜಂಕ್ಷನ್‌ನಿಂದ ಕಲಿಯುವ ಲೆಕ್ಕ: ಡೇಟಾದೊಳಗಿನ ನಂಟುಗಳನ್ನು ನೋಡುವುದು ಹೇಗೆ?

ಕಲಬುರಗಿ ಜಿಲ್ಲೆಯ ಊರುಗಳನ್ನು ಜನಸಂಖ್ಯೆಯ ಪ್ರಕಾರ ನೋಡಿದರೆ, ಕಲಬುರಗಿ ನಗರದ ಮುಂದೆ ವಾಡಿ ತುಂಬಾ ಸಣ್ಣದು. ಚಿತ್ತಾಪುರದ ಪಕ್ಕದ ಸಣ್ಣ ಪಟ್ಟಣ, ಸಿಮೆಂಟ್ ಕಾರ್ಖಾನೆ ಇರುವ ಊರು, ಅಷ್ಟೇ. ಆದರೆ ರೈಲಿನಲ್ಲಿ ಓಡಾಡುವವರಿಗೆ ವಾಡಿ ಏನೆಂದು ಗೊತ್ತು. ಮುಂಬೈ ಕಡೆಯಿಂದ ಬರುವ ಹಳಿ ಅಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಯಾದಗಿರಿ, ರಾಯಚೂರು ದಾಟಿ ಚೆನ್ನೈ ಕಡೆಗೆ. ಇನ್ನೊಂದು ಸೇಡಂ, ತಾಂಡೂರು ದಾಟಿ ಹೈದರಾಬಾದಿಗೆ. ಈ ಎರಡನೆಯದು ನಿಜಾಮರ ಕಾಲದ್ದು, 1874ರಲ್ಲಿ ಶುರುವಾದದ್ದು.

ವಾಡಿಯ ಜನಸಂಖ್ಯೆ, ವಿಸ್ತೀರ್ಣ, ತೆರಿಗೆ, ಅಂಗಡಿಗಳ ಎಣಿಕೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟರೂ ಈ ಸಂಗತಿ ಹೊರಗೆ ಬರುವುದಿಲ್ಲ. ಅದು ಯಾವ ಊರನ್ನು ಯಾವ ಊರಿಗೆ ಜೋಡಿಸುತ್ತದೆ ಎಂದು ಕೇಳಿದಾಗ ಮಾತ್ರ ಬರುತ್ತದೆ. ನಮಗೆ ಸಿಗುವ ಡೇಟಾ ಬಹುಪಾಲು ಎಕ್ಸೆಲ್ ಹಾಳೆಯೇ. ಒಂದು ಸಾಲಿಗೆ ಒಂದು ಊರು, ಒಬ್ಬ ರೈತ, ಒಂದು ಅಂಗಡಿ. ಸಾಲುಗಳೊಳಗೆ ಏನಿದೆ ಎಂದು ನೋಡುವುದು ನಮಗೆ ರೂಢಿ. ಸಾಲು ಸಾಲುಗಳ ನಡುವೆ ಏನಿದೆ ಎಂದು ನೋಡುವುದಕ್ಕೆ ನೆಟ್‌ವರ್ಕ್ ವಿಶ್ಲೇಷಣೆ ಎನ್ನುತ್ತಾರೆ.

ಇದರ ಸಾಮಾನು ತುಂಬಾ ಸರಳ. ಚುಕ್ಕಿ ಮತ್ತು ಗೆರೆ, ಎರಡೇ. ಕಲಿತವರು ನೋಡ್, ಎಡ್ಜ್ ಎನ್ನುತ್ತಾರೆ. ನಾನು ಇಲ್ಲಿ ಚುಕ್ಕಿ, ಗೆರೆ ಎಂದೇ ಬರೆಯುತ್ತೇನೆ. ಚುಕ್ಕಿ ಅಂದರೆ ಊರು, ಮನುಷ್ಯ, ಪುಸ್ತಕ, ಬ್ಯಾಂಕ್ ಖಾತೆ, ಏನು ಬೇಕಾದರೂ ಆಗಬಹುದು. ಗೆರೆ ಅಂದರೆ ಎರಡು ಚುಕ್ಕಿಗಳ ನಡುವಿನ ನಂಟು. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1735ರಲ್ಲಿ ಕೋನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದಾಗ ಮಾಡಿದ್ದು ಇದನ್ನೇ. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಲು ಆಗುತ್ತದೆಯೇ ಎಂಬುದು ಪ್ರಶ್ನೆ. ಅವರು ನದಿಯ ಅಗಲ, ಬೀದಿಯ ಉದ್ದ ಎಲ್ಲ ಬಿಟ್ಟುಬಿಟ್ಟರು. ಯಾವ ನೆಲ ಯಾವ ನೆಲಕ್ಕೆ ಎಷ್ಟು ಸೇತುವೆಗಳಿಂದ ಸೇರಿದೆ ಎಂಬುದನ್ನಷ್ಟೇ ಇಟ್ಟುಕೊಂಡರು. ಆಗುವುದಿಲ್ಲ ಎಂದು ಸಾಬೀತಾಯಿತು.

ಈಗ ನಮ್ಮ ಹಳಿಗಳಿಗೆ ಬರೋಣ. ಏಳು ಊರು ತೆಗೆದುಕೊಳ್ಳುತ್ತೇನೆ: ಕಲಬುರಗಿ, ವಾಡಿ, ಯಾದಗಿರಿ, ಸೇಡಂ, ವಿಕಾರಾಬಾದ್, ಬೀದರ್, ಹುಮನಾಬಾದ್. ನಡುವಿನ ನಿಲ್ದಾಣಗಳನ್ನೆಲ್ಲ ಬಿಟ್ಟಿದ್ದೇನೆ. ಒಂದು ಕಾಗದ, ಪೆನ್ನು ಹಿಡಿದು ಜೊತೆಗೇ ಬರೆದರೆ ಚೆನ್ನ.

ಮೊದಲು ಬೀದರ್–ಕಲಬುರಗಿ ಹಳಿ ಇನ್ನೂ ಇಲ್ಲದ ಕಾಲ. ಗೆರೆಗಳು ಐದು. ಕಲಬುರಗಿ–ವಾಡಿ, ವಾಡಿ–ಯಾದಗಿರಿ, ವಾಡಿ–ಸೇಡಂ, ಸೇಡಂ–ವಿಕಾರಾಬಾದ್, ವಿಕಾರಾಬಾದ್–ಬೀದರ್. ಹುಮನಾಬಾದಿಗೆ ಗೆರೆಯೇ ಇಲ್ಲ, ಅದು ಒಂಟಿ ಚುಕ್ಕಿ. ಕಲಬುರಗಿಯಿಂದ ಬೀದರಿಗೆ ರೈಲಿನಲ್ಲೇ ಹೋಗಬೇಕೆಂದರೆ ವಾಡಿ, ಸೇಡಂ, ವಿಕಾರಾಬಾದ್ ಸುತ್ತಿ ನಾಲ್ಕು ಗೆರೆ ದಾಟಬೇಕು. ಪಕ್ಕದ ಜಿಲ್ಲೆಗೆ ಹೋಗಲು ತೆಲಂಗಾಣದ ನೆಲ ಸುತ್ತುವುದು. ಬಸ್ಸೇ ವಾಸಿ ಅನ್ನುತ್ತಿದ್ದರು ಜನ, ಸುಮ್ನೆ ಅಲ್ಲ.

ಒಂದು ಚುಕ್ಕಿ ಎಷ್ಟು ಮುಖ್ಯ ಎಂದು ಅಳೆಯಲು ಎಲ್ಲಕ್ಕಿಂತ ಸುಲಭದ ದಾರಿ, ಅದಕ್ಕೆ ಎಷ್ಟು ಗೆರೆ ಸೇರಿವೆ ಎಂದು ಎಣಿಸುವುದು. ವಾಡಿಗೆ ಮೂರು. ಸೇಡಂ, ವಿಕಾರಾಬಾದಿಗೆ ಎರಡೆರಡು. ಹುಮನಾಬಾದಿಗೆ ಸೊನ್ನೆ. ಉಳಿದವಕ್ಕೆ ಒಂದೊಂದು. ಇದಕ್ಕೆ ಡಿಗ್ರಿ ಎನ್ನುತ್ತಾರೆ. ಆದರೆ ಡಿಗ್ರಿ ಅರ್ಧ ಕತೆ ಮಾತ್ರ ಹೇಳುತ್ತದೆ. ಪಕ್ಕದ ಮನೆಯವರನ್ನು ಎಣಿಸುತ್ತದೆ, ಅದರಾಚೆ ನೋಡುವುದಿಲ್ಲ.

ಅದರಾಚೆ ನೋಡುವ ಅಳತೆಯನ್ನು ಸಮಾಜ ವಿಜ್ಞಾನಿ ಲಿಂಟನ್ ಫ್ರೀಮನ್ 1977ರಲ್ಲಿ ಸ್ಪಷ್ಟ ರೂಪದಲ್ಲಿ ಕೊಟ್ಟರು. ಬಿಟ್ವೀನ್‌ನೆಸ್ ಎಂದು ಅದರ ಹೆಸರು. ಕೇಳುವ ಪ್ರಶ್ನೆ ಇಷ್ಟೇ: ಬೇರೆ ಯಾವ ಎರಡು ಊರುಗಳ ನಡುವೆ ಹೋಗಬೇಕಾದರೂ, ಹತ್ತಿರದ ದಾರಿ ಈ ಊರಿನ ಮೇಲೆ ಹಾದುಹೋಗುತ್ತದೆಯೇ? ವಾಡಿಯನ್ನು ಬಿಟ್ಟರೆ ಹಳಿ ಸೇರಿರುವ ಊರು ಐದು. ಐದು ಊರುಗಳಲ್ಲಿ ಹತ್ತು ಜೋಡಿ ಆಗುತ್ತವೆ. ಸೇಡಂ–ವಿಕಾರಾಬಾದ್, ಸೇಡಂ–ಬೀದರ್, ವಿಕಾರಾಬಾದ್–ಬೀದರ್, ಈ ಮೂರಕ್ಕೆ ವಾಡಿ ಬೇಡ. ಉಳಿದ ಏಳೂ ವಾಡಿಯನ್ನು ದಾಟಲೇಬೇಕು. ಹತ್ತರಲ್ಲಿ ಏಳು. ಕಲಬುರಗಿಯ ಅಂಕ ಎಷ್ಟು ಗೊತ್ತಾ? ಸೊನ್ನೆ. ವಿಭಾಗದ ಕೇಂದ್ರ, ದೊಡ್ಡ ಊರು, ಆದರೆ ಈ ಚಿತ್ರದಲ್ಲಿ ಒಂದು ತುದಿ.

2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ಮಾರ್ಗದ ಉದ್ಘಾಟನೆ ಆಯಿತು. ಸುಮಾರು 110 ಕಿಲೋಮೀಟರ್. ನಮ್ಮ ಕಾಗದದ ಮೇಲೆ ಎರಡೇ ಗೆರೆ ಹೊಸದು: ಕಲಬುರಗಿ–ಹುಮನಾಬಾದ್, ಹುಮನಾಬಾದ್–ಬೀದರ್. ಈ ಎರಡು ಗೆರೆ ಏನೇನು ಮಾಡಿದವು ನೋಡಿ. ಬೀದರ್ ಈಗ ನಾಲ್ಕರ ಬದಲು ಎರಡು ಗೆರೆ ದೂರ. ಉದ್ದಕ್ಕೆ ಚಾಚಿದ್ದ ದಾರಿ ಒಂದು ಬಳೆಯಾಯಿತು, ಅಂದರೆ ಸೇಡಂ ಬಳಿ ಹಳಿ ಕೆಟ್ಟರೂ ಕಲಬುರಗಿಯಿಂದ ವಿಕಾರಾಬಾದಿಗೆ ಇನ್ನೊಂದು ದಾರಿ ಉಂಟು. ವಾಡಿಯ ಲೆಕ್ಕ ಮತ್ತೆ ಮಾಡಿದರೆ, ಈಗ ಉಳಿದ ಊರು ಆರು, ಜೋಡಿ ಹದಿನೈದು. ಯಾದಗಿರಿಯಿಂದ ಹೊರಡುವ ಐದೂ ವಾಡಿಯ ಮೇಲೇ. ಕಲಬುರಗಿ–ಸೇಡಂ ಕೂಡ. ಕಲಬುರಗಿ–ವಿಕಾರಾಬಾದ್ ಜೋಡಿಗೆ ಎರಡೂ ದಿಕ್ಕಿನಿಂದ ಮೂರು ಮೂರು ಗೆರೆ, ಹಾಗಾಗಿ ವಾಡಿಗೆ ಅರ್ಧ ಅಂಕ. ಹುಮನಾಬಾದ್–ಸೇಡಂ ಜೋಡಿಗೂ ಹಾಗೇ ಅರ್ಧ. ಒಟ್ಟು ಏಳು. ಹತ್ತರಲ್ಲಿ ಏಳಿದ್ದದ್ದು ಹದಿನೈದರಲ್ಲಿ ಏಳಾಯಿತು. ಶೇಕಡಾ 70ರಿಂದ ಸುಮಾರು 47ಕ್ಕೆ ಇಳಿಯಿತು. ಸೊನ್ನೆಯಲ್ಲಿದ್ದ ಕಲಬುರಗಿ ಮೂರೂವರೆಗೆ ಏರಿತು, ಸೊನ್ನೆಯಲ್ಲೇ ಇದ್ದ ಬೀದರ್ ಎರಡಕ್ಕೆ. ವಾಡಿಯಲ್ಲಿ ಒಂದು ಹಳಿಯೂ ಕಿತ್ತಿಲ್ಲ, ಒಂದು ರೈಲೂ ನಿಂತಿಲ್ಲ. ಎಲ್ಲೋ ದೂರದಲ್ಲಿ ಬಿದ್ದ ಹಳಿ ಅದರ ಜಾಗವನ್ನು ಬದಲಿಸಿತು. ನೆಟ್‌ವರ್ಕ್ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾಗುವ ಸಂಗತಿ ಇದು.

ಒಂದು ಎಚ್ಚರ ಇಲ್ಲೇ ಹೇಳಬೇಕು. ಯಾದಗಿರಿ ಈ ಚಿತ್ರದಲ್ಲಿ ಒಂದೇ ಗೆರೆಗೆ ನೇತಾಡುವ ತುದಿಯಂತೆ ಕಾಣುತ್ತದೆ. ನಿಜದಲ್ಲಿ ಅದರಾಚೆ ರಾಯಚೂರು, ಗುಂತಕಲ್ ಎಲ್ಲ ಇವೆ. ನಾನು ಕಾಗದವನ್ನು ಅಲ್ಲಿಗೇ ಕತ್ತರಿಸಿದ್ದೇನೆ, ಅದಕ್ಕೇ ತುದಿಯಾಯಿತು. ಹಾಗೇ ಕೆಲಸ ನಡೆಯುತ್ತಿರುವ ಗದಗ–ವಾಡಿ ಮಾರ್ಗದ ಶಹಾಪುರವನ್ನು ಎಂಟನೆಯ ಚುಕ್ಕಿಯಾಗಿ ಸೇರಿಸಿ ನೋಡಿ. ವಾಡಿಯ ಅಂಕ ಇಪ್ಪತ್ತೊಂದರಲ್ಲಿ ಹದಿಮೂರಕ್ಕೆ, ಅಂದರೆ ಸುಮಾರು ಶೇಕಡಾ 62ಕ್ಕೆ ಮತ್ತೆ ಏರುತ್ತದೆ. ಗದಗಿನಾಚೆಯ ಹಳಿಗಳನ್ನೂ ಸೇರಿಸಿದರೆ ಅದು ಇನ್ನೊಂದು ಅಂಕ. ಎಲ್ಲಿಗೆ ಗಡಿ ಹಾಕಿದಿರಿ ಎಂಬುದೇ ಉತ್ತರವನ್ನು ಅರ್ಧ ತೀರ್ಮಾನಿಸುತ್ತದೆ. "ಈ ನೆಟ್‌ವರ್ಕ್‌ನಲ್ಲಿ ಇಂಥವರೇ ಮುಖ್ಯರು" ಎಂದು ಯಾರಾದರೂ ಹೇಳಿದರೆ, ಗಡಿ ಎಲ್ಲಿ ಹಾಕಿದಿರಿ ಎಂದು ಕೇಳಿ.

ಏಳು ಚುಕ್ಕಿಯನ್ನು ಕೈಯಲ್ಲಿ ಬರೆಯಬಹುದು. ಏಳುನೂರನ್ನು ಕಂಪ್ಯೂಟರೇ ಬರೆಯಬೇಕು. ಊರುಗಳಾದರೆ ನಕ್ಷೆಯಲ್ಲಿ ಅವುಗಳದ್ದೇ ಜಾಗ ಇರುತ್ತದೆ. ಮನುಷ್ಯರನ್ನು, ಪುಸ್ತಕಗಳನ್ನು ಎಲ್ಲಿ ಇಡುವುದು? ಇಲ್ಲಿ ಸಾಫ್ಟ್‌ವೇರ್ ಒಂದು ಉಪಾಯ ಮಾಡುತ್ತದೆ. ಶರಣಬಸವೇಶ್ವರ ಜಾತ್ರೆಯ ಗದ್ದಲ ನೆನೆಸಿಕೊಳ್ಳಿ. ಎಲ್ಲರೂ ಎಲ್ಲರನ್ನೂ ತಳ್ಳುತ್ತಿರುತ್ತಾರೆ, ಆದರೆ ಕೈ ಹಿಡಿದುಕೊಂಡ ಮನೆಮಂದಿ ಚದುರುವುದಿಲ್ಲ. ಹಾಗೇ ಪ್ರತಿ ಚುಕ್ಕಿಯೂ ಉಳಿದ ಚುಕ್ಕಿಗಳನ್ನು ದೂರ ತಳ್ಳುತ್ತದೆ, ಗೆರೆ ಇರುವ ಚುಕ್ಕಿಗಳು ಒಂದನ್ನೊಂದು ಎಳೆದುಕೊಳ್ಳುತ್ತವೆ. ತಳ್ಳಾಟ, ಎಳೆದಾಟ ಒಂದು ಹದಕ್ಕೆ ಬಂದಾಗ ಚಿತ್ರ ನಿಲ್ಲುತ್ತದೆ. ಒಬ್ಬರಿಗೊಬ್ಬರು ಜಾಸ್ತಿ ನಂಟಿರುವವರು ಒಂದು ಕಡೆ ಗುಂಪಾಗಿರುತ್ತಾರೆ.

ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇದನ್ನು ಓದುವಾಗ ತುಂಬಾ ಜನ ಎಡವುತ್ತಾರೆ. ಮೇಲಿರುವ ಚುಕ್ಕಿ ದೊಡ್ಡದು, ಕೆಳಗಿರುವುದು ಸಣ್ಣದು ಎಂದೇನೂ ಇಲ್ಲ. ಎಡ, ಬಲಕ್ಕೂ ಅರ್ಥವಿಲ್ಲ. ಅದೇ ಡೇಟಾ ಇಟ್ಟುಕೊಂಡು ಇನ್ನೊಮ್ಮೆ ಬಟನ್ ಒತ್ತಿದರೆ ಚಿತ್ರ ತಿರುಗಿ ನಿಲ್ಲಬಹುದು, ಮಗುಚಿ ನಿಲ್ಲಬಹುದು. ನಡುವೆ ಕೂತಿರುವ ಚುಕ್ಕಿಯೇ ಮುಖ್ಯ ಎಂದೂ ಹೇಳಲಾಗದು, ಸುತ್ತಲಿನವರೆಲ್ಲ ತಳ್ಳಿ ಅದು ಅಲ್ಲಿಗೆ ಬಂದಿರಬಹುದು. ಚುಕ್ಕಿಯ ಗಾತ್ರ, ಬಣ್ಣಕ್ಕೆ ಬರೆದವರು ಕೊಟ್ಟ ಅರ್ಥವೇ ಅರ್ಥ, ಅದನ್ನು ಅವರು ಹೇಳಿರಬೇಕು. ಗೆರೆಗಳು ಸಾವಿರ ದಾಟಿದರೆ ಇಡೀ ಚಿತ್ರ ಗೋಜಲಾಗುತ್ತದೆ. ನೋಡಲು ಭಾರಿ, ಓದಲು ಏನೂ ಇಲ್ಲ. ಅಂತಹ ಚಿತ್ರಗಳನ್ನು ವರದಿಯ ಮುಖಪುಟಕ್ಕೆ ಹಾಕುವುದು ಈಗ ಫ್ಯಾಷನ್ ಆಗಿದೆ, ನನಗೆ ಅದು ಹಿಡಿಸುವುದಿಲ್ಲ. ತೆಳು ಗೆರೆಗಳನ್ನು ತೆಗೆದುಹಾಕಿ, ಒಂದು ಭಾಗವನ್ನಷ್ಟೇ ತೋರಿಸಿ. ಇಲ್ಲವೇ ಗೆರೆ ಬಿಟ್ಟು ಚೌಕುಳಿಯಲ್ಲಿ ಬರೆಯಿರಿ: ಸಾಲಿನಲ್ಲೂ ಅದೇ ಹೆಸರುಗಳು, ಕಾಲಂನಲ್ಲೂ ಅದೇ ಹೆಸರುಗಳು, ನಂಟಿದ್ದಲ್ಲಿ ಆ ಚೌಕಕ್ಕೆ ಬಣ್ಣ. ಚಿತ್ರ ನೋಡಿ ಪ್ರಶ್ನೆ ಹುಟ್ಟಬೇಕು. ಉತ್ತರವನ್ನು ಲೆಕ್ಕದಿಂದಲೇ ತೆಗೆಯಬೇಕು.

ಹಳಿಯ ವಿಷಯದಲ್ಲಿ ಗೆರೆ ಎಂದರೇನು ಎಂದು ಯಾರೂ ಜಗಳವಾಡುವುದಿಲ್ಲ. ಹಳಿ ಇದೆ ಅಥವಾ ಇಲ್ಲ. ಮನುಷ್ಯರ ನಂಟಿಗೆ ಬಂದಾಗ ಕಷ್ಟ ಶುರುವಾಗುತ್ತದೆ. ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನೇ ನೋಡಿ. ಹನ್ನೆರಡನೆಯ ಶತಮಾನದ ಶರಣರ ನಂಟುಗಳನ್ನು ಚಿತ್ರವಾಗಿ ಬರೆಯಬೇಕು ಎಂದು ಯಾರಿಗಾದರೂ ಅನ್ನಿಸಬಹುದು. ವಚನಗಳು ಸಾವಿರಾರು ಇವೆ, ಅಂಕಿತ ಇರುವುದರಿಂದ ಬರೆದವರು ಯಾರು ಎಂದು ಬಹುಪಾಲು ಗೊತ್ತಾಗುತ್ತದೆ, ಒಬ್ಬರು ಇನ್ನೊಬ್ಬರ ಹೆಸರು ಹೇಳುವುದು ಬೇಕಾದಷ್ಟಿದೆ. ಬಸವಣ್ಣನವರು ಒಂದೇ ವಚನದಲ್ಲಿ ಮಾದಾರ ಚೆನ್ನಯ್ಯನವರನ್ನು ಅಪ್ಪ ಎನ್ನುತ್ತಾರೆ, ಡೋಹರ ಕಕ್ಕಯ್ಯನವರನ್ನು ಬೊಪ್ಪ ಎನ್ನುತ್ತಾರೆ, ಕಿನ್ನರಿ ಬೊಮ್ಮಯ್ಯನವರನ್ನು ಅಣ್ಣ ಎನ್ನುತ್ತಾರೆ. ಬಸವಣ್ಣನವರ ಚುಕ್ಕಿಯಿಂದ ಮೂರು ಗೆರೆ ಹೊರಟವು. ಗೆರೆಗೆ ಬಾಣದ ಗುರುತು ಹಾಕಬೇಕು, ಯಾಕೆಂದರೆ ಹೆಸರು ಹೇಳಿದವರು ಇವರು, ಹೇಳಿಸಿಕೊಂಡವರು ಅವರು.

ಆದರೆ ಈ ಗೆರೆಯ ಅರ್ಥವೇನು? ಮಾದಾರ ಚೆನ್ನಯ್ಯನವರು ಬಸವಣ್ಣನವರಿಗಿಂತ ಹಿಂದಿನವರು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಇಬ್ಬರೂ ಮುಖಾಮುಖಿ ಆಗಿರಲಿಕ್ಕಿಲ್ಲ. ಗೆರೆ ಹೇಳುವುದು ಗೌರವವನ್ನು, ಭೇಟಿಯನ್ನಲ್ಲ. ಅಪ್ಪ, ಬೊಪ್ಪ ಎಂಬ ಮಾತುಗಳನ್ನು ಕಂಪ್ಯೂಟರ್ ಹಾಗೇ ನುಂಗಿದರೆ ರಕ್ತ ಸಂಬಂಧ ಎಂದು ದಾಖಲಿಸಿಬಿಡುತ್ತದೆ. ಆ ವಚನದ ಜೀವವೇ ಬೇರೆ ಕಡೆ ಇದೆ. ಜಾತಿಯ ಮೆಟ್ಟಿಲನ್ನು ಒಡೆದು ಹೊಸ ಬಳಗ ಕಟ್ಟುವ ಮಾತು ಅದು. ಅದಕ್ಕೇ ಕೆಲಸ ಶುರು ಮಾಡುವ ಮೊದಲು ಒಂದು ವಾಕ್ಯ ಬರೆದಿಟ್ಟುಕೊಳ್ಳಬೇಕು: "ಈ ಚಿತ್ರದಲ್ಲಿ ಗೆರೆ ಎಂದರೆ, ಒಬ್ಬರ ವಚನದಲ್ಲಿ ಇನ್ನೊಬ್ಬರ ಹೆಸರು ಬಂದಿದೆ ಎಂದಷ್ಟೇ." ಆ ಒಂದು ವಾಕ್ಯ ಇಲ್ಲದೆ ಬರೆದ ನೆಟ್‌ವರ್ಕ್ ಚಿತ್ರವನ್ನು ನಾನು ನಂಬುವುದಿಲ್ಲ.

ಕಲಬುರಗಿಯ ಖಾಜಾ ಬಂದೇ ನವಾಜರ ಗುರು ಪರಂಪರೆಯಲ್ಲಿ ಇಂತಹ ಗೊಂದಲ ಕಡಿಮೆ. ನಿಜಾಮುದ್ದೀನ್ ಔಲಿಯಾ, ಅವರ ಶಿಷ್ಯ ನಸೀರುದ್ದೀನ್ ಚಿರಾಗ್ ದೆಹಲವಿ, ಅವರ ಶಿಷ್ಯ ಬಂದೇ ನವಾಜ್. ಪರಂಪರೆ ಎಂದು ಬರೆದಿಟ್ಟವರೇ ಗೆರೆ ಎಂದರೆ ಏನು ಎಂದು ಹೇಳಿಬಿಟ್ಟಿದ್ದಾರೆ.

ಬೀದರಿನ ಇನ್ನೊಂದು ಉದಾಹರಣೆ ಬೇರೆ ಬಗೆಯ ಪಾಠ. ಬಹಮನಿ ವಜೀರ ಮಹಮೂದ್ ಗವಾನ್, 1472ರ ಹೊತ್ತಿಗೆ ಬೀದರಿನಲ್ಲಿ ಆ ದೊಡ್ಡ ಮದರಸಾ ಕಟ್ಟಿಸಿದವರು, ಪತ್ರ ಬರೆಯುವುದರಲ್ಲೂ ಹೆಸರಾದವರು. ಅವರ ಪತ್ರಗಳ ಸಂಗ್ರಹ ರಿಯಾಜ್ ಉಲ್ ಇನ್ಶಾ ಎಂಬ ಹೆಸರಿನಲ್ಲಿ ಉಳಿದಿದೆ. ಆಟೊಮನ್ ಸುಲ್ತಾನ ಎರಡನೆಯ ಮೆಹಮದ್, ಪರ್ಷಿಯನ್ ಕವಿ ಜಾಮಿ ಅಂಥವರಿಗೆ ಬರೆದ ಪತ್ರಗಳು ಅದರಲ್ಲಿವೆ. ಬರೆದವರು ಯಾರು, ಯಾರಿಗೆ ಎಂದು ಎರಡು ಕಾಲಂ ಮಾಡಿ ಚಿತ್ರ ಬರೆದರೆ ಗವಾನ್ ನಡುವೆ ಸೂರ್ಯನ ಹಾಗೆ ನಿಲ್ಲುತ್ತಾರೆ, ಸುತ್ತ ಇಡೀ ಪರ್ಷಿಯನ್ ಲೋಕ. ಅವರ ಬಿಟ್ವೀನ್‌ನೆಸ್ ನೂರಕ್ಕೆ ನೂರು.

ಇದರಿಂದ ಗವಾನ್ ಆ ಕಾಲದ ಎಲ್ಲರಿಗಿಂತ ಪ್ರಭಾವಿ ಎಂದು ಹೇಳಬಹುದೇ? ಹೇಳಲಾಗದು. ನಮ್ಮ ಕೈಯಲ್ಲಿರುವುದು ಅವರದ್ದೇ ಪತ್ರಗಳ ಕಟ್ಟು. ಯಾರ ಪೆಟ್ಟಿಗೆಯಿಂದ ಡೇಟಾ ತೆಗೆದರೂ ಅವರೇ ನಡುವೆ ಬರುತ್ತಾರೆ. ಜಾಮಿಯವರ ಪತ್ರಗಳಿಂದ ಶುರು ಮಾಡಿದ್ದರೆ ಜಾಮಿ ನಡುವೆ, ಗವಾನ್ ದಕ್ಷಿಣದ ಒಂದು ತುದಿಯಲ್ಲಿ. ನಿಮ್ಮ ಮೊಬೈಲಿನ ಕಾಲ್ ಪಟ್ಟಿಯಿಂದ ಚಿತ್ರ ಬರೆದರೆ ನೀವೇ ಕೇಂದ್ರ, ಅಲ್ವಾ? ಗವಾನ್ ದೊಡ್ಡವರು ಎನ್ನಲು ಬೇರೆ ಪುರಾವೆಗಳು ಬೇಕಾದಷ್ಟಿವೆ. ಈ ಚಿತ್ರ ಮಾತ್ರ ಅದರ ಪುರಾವೆಯಲ್ಲ. ಇದರಿಂದ ಕೇಳಬಹುದಾದ ಒಳ್ಳೆಯ ಪ್ರಶ್ನೆಗಳೂ ಇವೆ: ಯಾವ ಊರಿಗೆ ಹೆಚ್ಚು ಪತ್ರ ಹೋಗಿದೆ, ಯಾರಿಗೆ ಒಂದೇ ಹೋಗಿ ನಿಂತಿದೆ, ರಾಜರಿಗೆಷ್ಟು, ವಿದ್ವಾಂಸರಿಗೆಷ್ಟು.

ತೊಗರಿಯ ಲೆಕ್ಕವನ್ನೂ ಸ್ವಲ್ಪ ನೋಡೋಣ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ರೈತರು, ಅಡತ್ ಅಂಗಡಿಗಳು, ದಾಲ್ ಮಿಲ್‌ಗಳು, ಹೀಗೆ ಇಲ್ಲಿ ಚುಕ್ಕಿಗಳೇ ಎರಡು ಮೂರು ಬಗೆ. ರೈತರಿಂದ ಅಂಗಡಿಗೆ ಗೆರೆ ಬರೆದರೆ ಸರಿ. ಆದರೆ ಕೆಲವರು ಅವಸರದಲ್ಲಿ "ಒಂದೇ ಅಂಗಡಿಗೆ ಮಾಲು ಹಾಕಿದ ರೈತರ ನಡುವೆ ಗೆರೆ" ಎಂದು ಮಾಡಿಬಿಡುತ್ತಾರೆ. ಒಂದು ಅಂಗಡಿಗೆ ನೂರು ರೈತರು ಹಾಕಿದ್ದರೆ ಒಮ್ಮೆಗೇ 4,950 ಗೆರೆ ಹುಟ್ಟುತ್ತವೆ. ಅಫಜಲಪುರದ ರೈತರಿಗೂ ಚಿಂಚೋಳಿಯ ರೈತರಿಗೂ ಪರಿಚಯವೇ ಇರುವುದಿಲ್ಲ, ಚಿತ್ರದಲ್ಲಿ ಮಾತ್ರ ಅಕ್ಕಪಕ್ಕ. ಎರಡು ಬಗೆಯ ಚುಕ್ಕಿಗಳನ್ನು ಎರಡು ಬಗೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಗೆರೆಗೆ ತೂಕವನ್ನೂ ಕೊಡಬೇಕು. ಎಷ್ಟು ಕ್ವಿಂಟಲ್ ಎಂಬುದು ಗೆರೆಯ ದಪ್ಪವಾಗಲಿ.

ನಂಟು ಗಟ್ಟಿಯಾದಷ್ಟೂ ಅದು ಹೆಚ್ಚು ಉಪಯೋಗ ಎಂದು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನ ಇದನ್ನು ತಿರುವಿಹಾಕಿತು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದರು: ಆ ಪರಿಚಯದವರನ್ನು ನೀವು ಎಷ್ಟು ಸಲ ಕಾಣುತ್ತಿದ್ದಿರಿ? ಹೆಚ್ಚಿನವರು ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಎಂದರು. ಕಾರಣ ಸರಳ. ದಿನಾ ಸಿಗುವ ಗೆಳೆಯರಿಗೆ ನಮಗೆ ಗೊತ್ತಿರುವ ಸುದ್ದಿಯೇ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಬಳಗದಲ್ಲಿ ಬದುಕುವವರಿಂದ. ಯಾದಗಿರಿಯ ಹಳ್ಳಿಗಳಿಂದ ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುವವರಿಗೆ ಕೆಲಸದ ಸುದ್ದಿ ಯಾರಿಂದ ಬಂತು ಎಂದು ಯಾರಾದರೂ ಹೀಗೆ ಕೇಳಿ ಬರೆದರೆ ಅದು ಬೆಲೆಯುಳ್ಳ ಕೆಲಸವಾಗುತ್ತದೆ. ಊರಿಗೂ ಸೈಟಿಗೂ ನಡುವೆ ಒಂದೇ ಗೆರೆಯಾಗಿ ನಿಂತ ಮೇಸ್ತ್ರಿಯ ಕೈಯಲ್ಲಿ ಎಷ್ಟು ಶಕ್ತಿ ಇದೆ ಎಂಬುದು ಆಗ ಅಂಕಿಯಾಗಿ ಕಾಣುತ್ತದೆ. ಎರಡನೆಯ ಗೆರೆ ಎಲ್ಲಿ ಹಾಕಬಹುದು ಎಂಬುದೂ ಕಾಣುತ್ತದೆ.

ಗುಂಪು ಹುಡುಕುವ ಲೆಕ್ಕಗಳೂ ಇವೆ. ವೇಯ್ನ್ ಜಕಾರಿ ಎಂಬ ಸಂಶೋಧಕ ಅಮೆರಿಕದ ಒಂದು ವಿಶ್ವವಿದ್ಯಾಲಯದ ಕರಾಟೆ ಕ್ಲಬ್ಬಿನ 34 ಜನರ ಸ್ನೇಹವನ್ನು ದಾಖಲಿಸಿದ್ದರು. ತರಬೇತುದಾರರಿಗೂ ಅಧ್ಯಕ್ಷರಿಗೂ ಜಗಳವಾಗಿ ಕ್ಲಬ್ ಒಡೆಯಿತು. ಯಾರು ಯಾವ ಕಡೆ ಹೋದರು ಎಂಬುದು, ಒಬ್ಬರನ್ನು ಬಿಟ್ಟು, ಸ್ನೇಹದ ಗೆರೆಗಳಿಂದ ಮಾಡಿದ ಲೆಕ್ಕಕ್ಕೆ ಸರಿಹೊಂದಿತು. 1977ರಲ್ಲಿ ಇದು ಪ್ರಕಟವಾಯಿತು. ಹೊಸ ವಿಧಾನಗಳನ್ನು ಇಂದಿಗೂ ಈ ಡೇಟಾದ ಮೇಲೆ ಪರೀಕ್ಷಿಸುತ್ತಾರೆ. ಆದರೆ ಇಂತಹ ಲೆಕ್ಕ ಯಾವ ಡೇಟಾದಲ್ಲೂ ಏನಾದರೊಂದು ಗುಂಪು ತೋರಿಸಿಯೇ ತೋರಿಸುತ್ತದೆ ಎಂಬುದು ನೆನಪಿರಲಿ. ಸುಮ್ಮನೆ ಚೀಟಿ ಎತ್ತಿ ಗೆರೆ ಹಾಕಿದರೂ ಗುಂಪು ಕಾಣುತ್ತದೆ. ಜನರ ವಿಷಯದಲ್ಲಿ ಇದು ಅಪಾಯಕಾರಿ. ಒಬ್ಬ ಆರೋಪಿಗೆ ಫೋನ್ ಮಾಡಿದ್ದಕ್ಕೇ ಹಾಲಿನವರೋ ಆಟೋದವರೋ "ಗ್ಯಾಂಗ್" ಆಗಿಬಿಡಬಾರದು.

ಮಾಡಿ ನೋಡಬೇಕು ಅನ್ನುವವರಿಗೆ ಗೆಫಿ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದರೆ ಅದರಲ್ಲಿ ನೆಟ್‌ವರ್ಕ್‌ಎಕ್ಸ್ ಇದೆ. ಎಕ್ಸೆಲ್ ಹಾಳೆಯಲ್ಲಿ ಎರಡು ಕಾಲಂ ಸಾಕು. ಗೆಫಿಗಾದರೆ ಅವುಗಳ ತಲೆಯ ಮೇಲೆ ಸೋರ್ಸ್, ಟಾರ್ಗೆಟ್ ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ಒಳಗಿನ ಹೆಸರುಗಳು ಕನ್ನಡದಲ್ಲೇ ಇರಲಿ, ಯೂನಿಕೋಡ್‌ನಲ್ಲಿ ಉಳಿಸಿ, ಚಿತ್ರಕ್ಕೆ ಕನ್ನಡ ಫಾಂಟ್ ಆರಿಸಿ. ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಬರೀ ಚೌಕಗಳು ಕಾಣಬಹುದು.

ಹೆಚ್ಚು ಹೊತ್ತು ತಿನ್ನುವುದು ಹೆಸರುಗಳನ್ನು ಸರಿ ಮಾಡುವ ಕೆಲಸ. ನಮ್ಮ ಭಾಗದ ಡೇಟಾದಲ್ಲಂತೂ ಇದು ತಪ್ಪದು. 2014ರ ನವೆಂಬರ್ 1ಕ್ಕೆ ಮುಂಚಿನ ಸರ್ಕಾರಿ ಕಾಗದಗಳಲ್ಲಿ ಗುಲ್ಬರ್ಗಾ, ಆಮೇಲೆ ಕಲಬುರಗಿ, ಕೆಲವೆಡೆ ಕಲಬುರ್ಗಿ, ಗುಲಬರ್ಗಾ. ಬೀದರ್, ಬೀದರ. ಯಾದಗಿರಿ, ಯಾದಗಿರ, ಯಾದಗೀರ್. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಊರು. ಕಲಬುರಗಿ ನಾಲ್ಕು ಚುಕ್ಕಿಯಾಗಿ ಒಡೆದರೆ ಅದರ ಗೆರೆಗಳೂ ನಾಲ್ಕು ಪಾಲಾಗುತ್ತವೆ, ಇಡೀ ಲೆಕ್ಕ ಕೆಡುತ್ತದೆ. ಜನರ ಹೆಸರಿನಲ್ಲಿ ಇದರ ಉಲ್ಟಾ ಆಗುತ್ತದೆ. ಒಂದೇ ತಾಲ್ಲೂಕಿನ ಹತ್ತು ಶರಣಪ್ಪರು ಒಂದೇ ಚುಕ್ಕಿಯಾಗಿ ಸೇರಿಬಿಡುತ್ತಾರೆ, ಆ ಚುಕ್ಕಿ ಊರಿಗೇ ದೊಡ್ಡ ವ್ಯಕ್ತಿಯಂತೆ ಕಾಣುತ್ತದೆ. ಪ್ರತಿ ಊರಿಗೆ, ಪ್ರತಿ ಮನುಷ್ಯರಿಗೆ ಒಂದೊಂದು ನಂಬರ್ ಕೊಟ್ಟುಕೊಳ್ಳಿ, ಹೆಸರನ್ನು ಪಕ್ಕದ ಕಾಲಂನಲ್ಲಿ ಬರೆಯಿರಿ. ಮೊದಲ ಚಿತ್ರ ಬಂದ ಕೂಡಲೇ ದೊಡ್ಡ ಚುಕ್ಕಿಗಳನ್ನು ಒಂದೊಂದಾಗಿ ಹಿಡಿದು, ಅದರ ಗೆರೆಗಳೆಲ್ಲ ನಿಜವಾಗಿ ಅದರದ್ದೇನಾ ಎಂದು ಮೂಲ ಕಾಗದದ ಜೊತೆ ಹೋಲಿಸಿ.